ಕನ್ನಡ ಮರೆತು ಬಂದ ಫ್ಯಾಂಟಮ್

(1/9)
ಮೊದಲನೇ ಫೋಟೋದಾಗ ಇರೋ ಪುಸ್ತಕ ನೋಡ್ರಿ. ಮುಖಪುಟ ಅರ್ಧ ಹರಿದೈತಿ, ಪಿನ್ನಿಗೆ ತುಕ್ಕು ಹಿಡಿದೈತಿ, ಮೂಲ್ಯಾಗ ಚಹಾದ ಕಲೆ. ಇದು ಇಂದ್ರಜಾಲ ಕಾಮಿಕ್ಸ್‌ನ ಒಂದು ಕನ್ನಡ ಸಂಚಿಕೆ. ನಮ್ಮ ಕಾಕಾನ ಹತ್ರ ಒಂದು ಕಾಲಕ್ಕೆ ಇಂಥವು ಒಂದು ಟ್ರಂಕ್ ತುಂಬ ಇದ್ದವು. ಈಗ ಉಳಿದಿರೋದು ಇದೊಂದೇ.

ಕಳೆದ ತಿಂಗಳು ಕ್ಲಾಸಿನಾಗ ಸೂಪರ್‌ಹೀರೋಗಳ ಬಗ್ಗೆ ಜಗಳ ಆಯ್ತಲ್ಲ, ಬ್ಯಾಟ್‌ಮನ್ ದೊಡ್ಡವನೋ ಸ್ಪೈಡರ್‌ಮ್ಯಾನ್ ದೊಡ್ಡವನೋ ಅಂತ? ಮನೆಗೆ ಬಂದು ಅದನ್ನ ಕಾಕಾಗೆ ಹೇಳಿದೆ. ಅವರು ನಕ್ಕರು. "ಯವ್ವಾ, ಅವರಿಬ್ಬರೂ ಹುಟ್ಟೋಕಿಂತ ಮೊದಲ ಒಬ್ಬಾಂವ ಇದ್ದ. ನಾವು ಅವನ ಕಥಿ ಕನ್ನಡದಾಗ ಓದತಿದ್ದಿವಿ. ಆಮೇಲೆ ಅವನ್ನ ಸಿನಿಮಾದಾಗ ನೋಡಿದೆ. ನೋಡಬಾರದಿತ್ತು" ಅಂದರು.

ಯಾಕೆ ನೋಡಬಾರದಿತ್ತು? ಈ ಸರಣಿ ಪೂರ್ತಿ ಆ ಒಂದು ಪ್ರಶ್ನೆಗೆ ಉತ್ತರ ಹುಡುಕೋ ಪ್ರಯತ್ನ. ಸ್ವಲ್ಪ ಉದ್ದ ಐತಿ, ಸೇವ್ ಮಾಡ್ಕೊಂಡು ನಿಧಾನಕ್ಕ ಓದ್ರಿ.

(2/9)
ಮೊದಲು ಫ್ಯಾಂಟಮ್ ಯಾರು ಅನ್ನೋದು. ಲೀ ಫಾಕ್ ಅನ್ನೋ ಅಮೆರಿಕದ ಲೇಖಕ 1936ರ ಫೆಬ್ರವರಿಯಲ್ಲಿ ದಿನಪತ್ರಿಕೆಗಳಿಗಾಗಿ ಈ ಚಿತ್ರಕಥೆ ಶುರು ಮಾಡಿದ. ಮೊದಲು ಚಿತ್ರ ಬರೆದವನು ರೇ ಮೂರ್. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮನ್ 1939ರಲ್ಲಿ. ಮೈಗೆ ಅಂಟಿದ ಉಡುಪು, ಕಣ್ಣುಗುಡ್ಡೆ ಕಾಣದ ಮುಖವಾಡ, ಈ ವೇಷ ಕಾಮಿಕ್ಸ್‌ಗೆ ತಂದವನು ಫ್ಯಾಂಟಮ್. ಅಂದ್ರೆ ಕಾಕಾ ಹೇಳಿದ್ದು ಖರೇನೇ.

ಕಥೆ ಹೀಗೆ: ನಾನೂರು ವರ್ಷಗಳ ಹಿಂದೆ ಕಡಲ್ಗಳ್ಳರು ಒಂದು ಹಡಗಿನ ಮೇಲೆ ಬಿದ್ದು ಎಲ್ಲರನ್ನೂ ಕೊಲ್ತಾರೆ. ಒಬ್ಬ ಹುಡುಗ ಮಾತ್ರ ದಡ ಸೇರ್ತಾನೆ. ತಂದೆಯನ್ನು ಕೊಂದವನ ತಲೆಬುರುಡೆ ಮುಟ್ಟಿ ಪ್ರತಿಜ್ಞೆ ಮಾಡ್ತಾನೆ: ನಾನು, ನನ್ನ ಮಕ್ಕಳು, ಮೊಮ್ಮಕ್ಕಳು ದರೋಡೆ ಮತ್ತು ಕ್ರೌರ್ಯದ ವಿರುದ್ಧ ಹೋರಾಡ್ತೀವಿ ಅಂತ. ಅಪ್ಪ ಸತ್ತರೆ ಮಗ ಅದೇ ಮುಖವಾಡ ಹಾಕ್ತಾನೆ. ನಾವು ಓದೋ ಫ್ಯಾಂಟಮ್ 21ನೆಯವನು. ಆದರೆ ಕಾಡಿನ ಜನಕ್ಕೆ ಅದು ಗೊತ್ತಿಲ್ಲ. ಅವರ ಪಾಲಿಗೆ ಅವನು ಒಬ್ಬನೇ, ಸಾವಿಲ್ಲದವನು, ನಡೆದಾಡೋ ಭೂತ.

ಇದರಾಗ ಒಂದು ಮಜಾ ಐತಿ. ಅವನಿಗೆ ಹಾರೋಕೆ ಬರಲ್ಲ. ಮಂತ್ರ ಇಲ್ಲ, ಬೇರೆ ಗ್ರಹದಿಂದ ಬಂದವನಲ್ಲ, ಜೇಡ ಕಚ್ಚಿಲ್ಲ. ಗುಂಡು ಬಿದ್ರೆ ಸಾಯ್ತಾನೆ. ಅವನ ಶಕ್ತಿ ಎಲ್ಲಾ ಇರೋದು ಜನ ಅವನ ಬಗ್ಗೆ ಆಡೋ ಮಾತಿನಲ್ಲಿ. ಅವನ ಸಿಟ್ಟಿಗೆ ಹುಲಿ ಸಹ ಹೆದರತೈತಿ ಅನ್ನೋ ಥರದ ಕಾಡಿನ ಗಾದೆಗಳು ಕಥೆಯ ತುಂಬ ಬರ್ತಾವೆ. ಕಳ್ಳ ಅರ್ಧ ಸೋಲೋದು ಆ ಮಾತು ಕೇಳೇ.

(3/9)
ಈ ಫೋಟೋ ನಾನು ಬಾದಾಮಿಯಲ್ಲಿ ತೆಗೆದದ್ದು. ಅಗಸ್ತ್ಯತೀರ್ಥದ ಹತ್ತಿರದ ಬಂಡೆಯ ಮೇಲೆ ಇರೋ ಕಪ್ಪೆ ಅರಭಟ್ಟನ ಶಾಸನ. ಟ್ರಿಪ್‌ಗೆ ಹೋದಾಗ ನಾವೆಲ್ಲ ಗುಹೆ ಮುಂದೆ ಸೆಲ್ಫಿ ತಗೊಂಡು, ಮಂಗ್ಯಾನ ಕಡೆಯಿಂದ ಚಿಪ್ಸ್ ಕಸಿಸಿಕೊಂಡು ವಾಪಸ್ ಬಂದ್ವಿ. ಇದನ್ನ ಯಾರೂ ನೋಡಲಿಲ್ಲ. ನಾನು ಎರಡನೇ ಸಲ ಹೋದಾಗ ನೋಡಿದೆ.

ಸುಮಾರು ಕ್ರಿ.ಶ. 700ರ ಶಾಸನ ಇದು. ಕನ್ನಡದ ಬಹಳ ಹಳೆಯ ತ್ರಿಪದಿಗಳು ಇದರಲ್ಲಿವೆ. ಅರಭಟ್ಟ ರಾಜ ಅಲ್ಲ. ಅವನು ಗೆದ್ದ ದೇಶಗಳ ಪಟ್ಟಿ ಇಲ್ಲಿಲ್ಲ. ಇರೋದು ಅವನ ಸ್ವಭಾವದ ಮಾತು: ಒಳ್ಳೆಯವರ ಜೊತೆ ಒಳ್ಳೆಯವನಾಗಿರ್ತಾನೆ, ಕೆಣಕಿದವರನ್ನು ಮಾತ್ರ ಬಿಡಲ್ಲ ಅನ್ನೋ ಅರ್ಥ ಬರೋ ಹಾಗೆ. 1300 ವರ್ಷ ಆದ ಮೇಲೂ ನಮ್ಮ ಕಡೆ ಹಿರಿಯರು ಆ ಸಾಲುಗಳನ್ನು ಬಾಯಿಪಾಠ ಹೇಳ್ತಾರೆ.

ಫ್ಯಾಂಟಮ್‌ನ ಕಾಡಿನ ಗಾದೆಗಳೂ ಇದೇ ಜಾತಿಯವು. ಸಜ್ಜನರಿಗೆ ಮೆತ್ತಗೆ, ದುರ್ಜನರಿಗೆ ಬಿರುಸು. ಅಮೆರಿಕದಲ್ಲಿ ಕೂತು ಬರೆದವನಿಗೆ ಬಾದಾಮಿ ಬಂಡೆ ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ವೀರ ಅನ್ನೋನು ಎಲ್ಲಾ ಕಡೆ ಹೀಗೇ ಬದುಕ್ತಾನೆ. ಜನರ ಬಾಯಾಗ ಇರೋತನಕ ಇರ್ತಾನ, ಬಾಯಿಂದ ಇಳಿದ ದಿನ ಹೋಗ್ತಾನ. ಈ ಮಾತು ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದೆ.

(4/9)
ನಮ್ಮ ಬಾಯಿಗೆ ಅವನು ಹೆಂಗ ಬಂದ?

1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದರು. ಮೊದಲ ಸಂಚಿಕೆಗಳ ನಾಯಕ ಫ್ಯಾಂಟಮ್. ಆಮೇಲೆ ಮಾಂತ್ರಿಕ ಮ್ಯಾಂಡ್ರೇಕ್ ಮತ್ತಿತರರು ಬಂದರು. ಇಂಗ್ಲಿಷು, ಹಿಂದಿ ಅಷ್ಟೇ ಅಲ್ಲ, ಕನ್ನಡದಲ್ಲೂ ಪುಸ್ತಕ ಬಂದವು. 1965ರಲ್ಲಿ ಹುಟ್ಟಿದ ಸುಧಾ ವಾರಪತ್ರಿಕೆಯಲ್ಲೂ ಫ್ಯಾಂಟಮ್ ಬರ್ತಿದ್ದ. ಹಿಂದಿಯವರು ಅವನಿಗೆ ವೇತಾಲ ಅಂತ ಹೆಸರಿಟ್ಟರು, ಬಂಗಾಳಿಗಳು ಅರಣ್ಯದೇವ ಅಂದರು. ನಾವು ಫ್ಯಾಂಟಮ್ ಅಂತಲೇ ಕರೆದ್ವಿ, ಆದರೆ ಅವನ ಬಾಯಲ್ಲಿ ಕನ್ನಡ ಆಡಿಸಿದ್ವಿ.

ಇಲ್ಲಿಗೆ ತರುವಾಗ ಕೆಲವು ಬದಲಾವಣೆ ಆದವು. ಮೂಲದಲ್ಲಿ ಅವನ ನಾಡಿನ ಹೆಸರು ಬಂಗಾಳವನ್ನು ನೆನಪಿಸ್ತಿತ್ತು, ಅದು ಡೆಂಕಾಲಿ ಆಯ್ತು. ಕಡಲ್ಗಳ್ಳರ ಗುಂಪಿನ ಹೆಸರಿನಲ್ಲಿ ಸಿಂಗ್ ಅಂತ ಇತ್ತು, ಅದು ಸಿಂಗಾ ಆಯ್ತು. ನಮ್ಮ ಓದುಗರಿಗೆ ಚುಚ್ಚಬಾರದು ಅಂತ.

ಕಾಕಾ ಆಗ ಹುನಗುಂದದಲ್ಲಿ ಹೈಸ್ಕೂಲ್ ಓದ್ತಿದ್ದರು, 1970ರ ದಶಕದ ಮಾತು. ಬಸ್ಸಿಗೆ ಅಂತ ಮನೆಯಲ್ಲಿ ಕೊಟ್ಟ ರೊಕ್ಕ ಉಳಿಸಿ, ನಡಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯಿಂದ ಫ್ಯಾಂಟಮ್ ತರೋರು. ಒಂದು ಪುಸ್ತಕ ಹನ್ನೆರಡು ಹುಡುಗರ ಕೈ ದಾಟಿ ಇಳಕಲ್ಲಿನ ತನಕ ಹೋಗಿ ವಾಪಸ್ ಬರ್ತಿತ್ತಂತೆ. ಓದಲಿಕ್ಕೆ ಬಾರದ ಸಣ್ಣ ತಮ್ಮಂದಿರಿಗೆ ಕಾಕಾನೇ ಧ್ವನಿ ಬದಲಿಸಿ ಓದಿ ಹೇಳೋರು. ಕಳ್ಳನಿಗೆ ಒಂದು ಧ್ವನಿ, ಡಯಾನಾಗೆ ಒಂದು, ಫ್ಯಾಂಟಮ್‌ಗೆ ದಪ್ಪ ಧ್ವನಿ.

"ಅವ ಎಲ್ಲಿಯವ ಅಂತ ನಮಗ ತಲಿಗೇ ಬರಲಿಲ್ಲ ಯವ್ವಾ. ಮಲಪ್ರಭಾ ಆಚೆ ದಂಡಿಯ ಅಡವ್ಯಾಗ ಇದ್ದಾನ ಅನಕೊಂಡಿದ್ವಿ."

(5/9)
ಇಲ್ಲೊಂದು ಮಾತು ನೇರವಾಗಿ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವೇ ಕೇಳ್ತೀರಿ. ಒಬ್ಬ ಬಿಳಿಯ ಕಾಡಿಗೆ ಬಂದು ಅಲ್ಲಿನ ಜನರನ್ನು ತಲೆಮಾರುಗಟ್ಟಲೆ ಕಾಯೋದು, ಅವರು ಅವನನ್ನು ದೇವರಂಗ ನೋಡೋದು, ಇದು ಸರಿಯಾದ ಕಥೆ ಅಲ್ಲ. ವಸಾಹತು ಕಾಲದ ವಾಸನೆ ಅದರಲ್ಲಿ ಗಟ್ಟಿಯಾಗೇ ಐತಿ. ಇಂದ್ರಜಾಲದವರು ಹೆಸರು ಬದಲಿಸಿದರು, ಆ ವಾಸನೆ ಬದಲಿಸೋಕೆ ಆಗಲಿಲ್ಲ. 1976ರಲ್ಲಿ ಅದೇ ಇಂದ್ರಜಾಲದಲ್ಲಿ ಆಬಿದ್ ಸುರತಿ ಅವರ ಬಹಾದೂರ್ ಬಂದ. ಡಕಾಯಿತರ ವಿರುದ್ಧ ಊರಿನವರನ್ನೇ ಒಟ್ಟುಗೂಡಿಸಿ ನಿಲ್ಲೋ ನಮ್ಮ ದೇಶದ ನಾಯಕ. ಅವನೂ ಬೇಕು ಅನ್ನೋ ಹಸಿವು ಓದುಗರಿಗೆ ಇತ್ತು ಅಂತ ಅದರಿಂದಲೇ ಗೊತ್ತಾಗ್ತದೆ.

ಇದನ್ನ ಕಾಕಾಗೆ ಹೇಳಿದೆ. ಅವರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಖರೇ ಐತಿ. ಆದ್ರ ಹದಿನಾಲ್ಕು ವರ್ಷದಾಗ ನನಗ ಕನ್ನಡ ಓದೋ ರುಚಿ ಹತ್ತಿಸಿದಾಂವ ಅವನ. ಅದೂ ಖರೇ ಐತಿ" ಅಂದರು.

ಎರಡೂ ಖರೇ. ಇತಿಹಾಸ ಓದುವಾಗ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬಾರದು ಅಂತ ನನಗೆ ಅವತ್ತು ಅನಿಸ್ತು.

(6/9)
ಈಗ ಸಿನಿಮಾಕ್ಕೆ ಬರೋಣ.

1989ರಲ್ಲಿ ಬ್ಯಾಟ್‌ಮನ್ ಸಿನಿಮಾ ಭರ್ಜರಿ ದುಡ್ಡು ಮಾಡಿತು. ಹಾಲಿವುಡ್‌ನವರು ಅಟ್ಟದ ಮೇಲಿನ ಹಳೆ ನಾಯಕರನ್ನೆಲ್ಲ ಇಳಿಸಿದರು. 1990ರಲ್ಲಿ ಡಿಕ್ ಟ್ರೇಸಿ, 1994ರಲ್ಲಿ ದ ಶ್ಯಾಡೋ, 1996ರ ಜೂನ್ 7ಕ್ಕೆ ದ ಫ್ಯಾಂಟಮ್. ಪ್ಯಾರಮೌಂಟ್ ಕಂಪನಿ, ನಿರ್ದೇಶಕ ಸೈಮನ್ ವಿನ್ಸರ್, ನಾಯಕ ಬಿಲ್ಲಿ ಜೇನ್. ಮುಂದಿನ ವರ್ಷ ಟೈಟಾನಿಕ್‌ನಲ್ಲಿ ವಿಲನ್ ಆದನಲ್ಲ, ಅವನೇ. ಖರ್ಚು ಸುಮಾರು 4.5 ಕೋಟಿ ಡಾಲರ್. ಅಮೆರಿಕದಲ್ಲಿ ಬಂದ ಗಳಿಕೆ ಸುಮಾರು 1.7 ಕೋಟಿ. ಎರಡನೇ ಭಾಗ ಬರಲೇ ಇಲ್ಲ.

ಮಾಡಿದವರಿಗೆ ಪ್ರೀತಿ ಇರಲಿಲ್ಲ ಅನ್ನೋ ಹಾಗಿಲ್ಲ. ವಿನ್ಸರ್ ಆಸ್ಟ್ರೇಲಿಯಾದವರು. ಆ ದೇಶದಲ್ಲಿ 1948ರಿಂದ ಫ್ಯಾಂಟಮ್ ಪುಸ್ತಕ ಬಿಡದೆ ಬರ್ತಾ ಇವೆ. ಬಿಲ್ಲಿ ಜೇನ್ ಅಲ್ಲಿಗೆ ಶೂಟಿಂಗ್‌ಗೆ ಹೋದಾಗ ಆ ಪುಸ್ತಕ ಓದಿ ಮರುಳಾದವನು. ಉಡುಪಿನೊಳಗೆ ನಕಲಿ ಸ್ನಾಯು ತುಂಬೋದು ಬೇಡ ಅಂತ ವರ್ಷಗಟ್ಟಲೆ ಕಸರತ್ತು ಮಾಡಿದ. ಕುದುರೆ ಐತಿ, ತೋಳ ಐತಿ, ತಲೆಬುರುಡೆ ಗುಹೆ ಐತಿ, ಥಾಯ್ಲೆಂಡಿನ ಹಸಿರು ಕಾಡು ಐತಿ.

ಹಂಗಾದ್ರೆ ತಪ್ಪಿದ್ದೆಲ್ಲಿ? ನನಗೆ ಕಂಡದ್ದು ಮೂರು.

ಒಂದು, ಕಥೆಯನ್ನು ಮಂತ್ರದ ತಲೆಬುರುಡೆಗಳ ಬೇಟೆ ಮಾಡಿದರು. ಬುರುಡೆಗಳು ಸೇರಿದರೆ ಬೆಂಕಿಯಂಥ ಬೆಳಕು ಬರ್ತದೆ, ಕೊನೆಗೆ ಫ್ಯಾಂಟಮ್‌ನ ಉಂಗುರದಲ್ಲೂ ಅದೇ ಶಕ್ತಿ ಇರೋದು ಗೊತ್ತಾಗ್ತದೆ. ಮಂತ್ರವೇ ಇಲ್ಲದ ನಾಯಕನಿಗೆ ಮಂತ್ರ ಕೊಟ್ಟ ಮೇಲೆ ಅವನಿಗೂ ಉಳಿದವರಿಗೂ ಏನು ಫರಕು?

ಎರಡು, ಅವನನ್ನು ಕಾಡಿನಿಂದ ಎತ್ತಿ ನ್ಯೂಯಾರ್ಕಿಗೆ ಒಯ್ದರು. ಅಲ್ಲಿ ಅವನ ಗಾದೆ ಹೇಳೋರು ಯಾರೂ ಇಲ್ಲ. ಜನರ ಮಾತೇ ಶಕ್ತಿ ಆಗಿರೋನು ಅಪರಿಚಿತರ ಊರಲ್ಲಿ ನೇರಳೆ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಅಷ್ಟೇ.

ಮೂರನೆಯದು ದೊಡ್ಡದು, ಅದಕ್ಕೆ ಬೇರೆ ಪೋಸ್ಟ್ ಬೇಕು.

(7/9)
ಹಾಲಿವುಡ್ ಲೆಕ್ಕ ಮೊದಲ ಶುಕ್ರವಾರ, ಶನಿವಾರ, ರವಿವಾರದ ಲೆಕ್ಕ. ಅದೂ ಅಮೆರಿಕದ ಊರುಗಳ ಲೆಕ್ಕ. ಆದರೆ 1996ರ ಹೊತ್ತಿಗೆ ಅಲ್ಲಿನ ಹುಡುಗರಿಗೆ ಫ್ಯಾಂಟಮ್ ಅಂದ್ರೆ ಅಜ್ಜನ ಕಾಲದ ಪೇಪರಿನ ಚಿತ್ರ. ಅದೇ ದಿನ ದ ರಾಕ್ ಅನ್ನೋ ದೊಡ್ಡ ಆಕ್ಷನ್ ಸಿನಿಮಾ ಬಂದಿತ್ತು, ಎಲ್ಲರೂ ಅತ್ತ ನಡೆದರು. ಫ್ಯಾಂಟಮ್‌ನನ್ನು ಎದೆಗೆ ಹಚ್ಚಿಕೊಂಡವರು ಇದ್ದದ್ದು ಸ್ವೀಡನ್, ಆಸ್ಟ್ರೇಲಿಯಾ, ಮತ್ತೆ ಭಾರತದಂಥ ಕಡೆ. ಅಂದ್ರೆ ಮದುವೆ ಊಟ ಮಾಡಿಸಿದ್ದು ಒಂದೂರಾಗ, ಹಸಿದೋರು ಇದ್ದದ್ದು ಇನ್ನೊಂದೂರಾಗ.

ನಮ್ಮ ಕಡೆಯ ಸಮಸ್ಯೆ ಇನ್ನೂ ಬೇರೆ. 1990ರಲ್ಲಿ ಇಂದ್ರಜಾಲ ನಿಂತುಹೋಯ್ತು. 800ಕ್ಕೂ ಹೆಚ್ಚು ಸಂಚಿಕೆ ಆದ ಮೇಲೆ. ಸಿನಿಮಾ ಬರೋ ಹೊತ್ತಿಗೆ ಕನ್ನಡದಲ್ಲಿ ಹೊಸದಾಗಿ ಇಂದ್ರಜಾಲ ಓದಿ ಬೆಳೆದ ಹುಡುಗರೇ ಇರಲಿಲ್ಲ.

ಇನ್ನು ಹಳಬರಿಗೆ? ಸಿನಿಮಾ ಕನ್ನಡದಲ್ಲಿ ಬರೋ ಹಾಗೇ ಇರಲಿಲ್ಲ. 1960ರ ದಶಕದಲ್ಲಿ ಅ.ನ.ಕೃ., ರಾಜ್‌ಕುಮಾರ್ ಮೊದಲಾದವರು ಡಬ್ಬಿಂಗ್ ವಿರುದ್ಧ ನಿಂತಿದ್ದರು. ಆಗ ಅದಕ್ಕೆ ಕಾರಣ ಇತ್ತು. ಮದ್ರಾಸಿನ ನೆರಳಲ್ಲಿ ಕನ್ನಡ ಚಿತ್ರರಂಗ ಇನ್ನೂ ಕಣ್ಣು ಬಿಡ್ತಾ ಇತ್ತು, ನಮ್ಮ ಕಲಾವಿದರಿಗೆ ಕೆಲಸ ಉಳೀಬೇಕಿತ್ತು. ಆದರೆ ಕಾನೂನಿನಲ್ಲಿ ಎಲ್ಲೂ ಇಲ್ಲದ ಆ ತಡೆ ದಶಕಗಟ್ಟಲೆ ಮುಂದುವರೀತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟ ಮೇಲೆ ಬಾಗಿಲು ತೆರೀತು.

ಹಿಂಗಾಗಿ ಪುಸ್ತಕದಾಗ ಕನ್ನಡ ಆಡಿದ ಫ್ಯಾಂಟಮ್ ಪರದೆ ಮೇಲೆ ಬಂದಾಗ ಕನ್ನಡ ಆಡಲಿಲ್ಲ.

(8/9)
ಇದು ಹಳೇ ಬಾಗಲಕೋಟೆಯ ಫೋಟೋ. ಕಾಕಾ ಇದ್ದ ಓಣಿ ಈಗ ಇಲ್ಲ, ಹಿನ್ನೀರಿನ ಕಡೆ ಕೈ ಮಾಡಿ ತೋರಿಸ್ತಾರೆ.

ಕಾಕಾ ಫ್ಯಾಂಟಮ್ ಸಿನಿಮಾ ನೋಡಿದ್ದು ಟಾಕೀಸಿನಲ್ಲಲ್ಲ. 1990ರ ದಶಕದ ಕೊನೆಗೆ, ಒಂದು ರಾತ್ರಿ, ಪಕ್ಕದ ಮನೆಯ ಕೇಬಲ್ ಟೀವಿಯಲ್ಲಿ. ಸಂಜೇನೇ ಎಲ್ಲರಿಗೂ ಹೇಳಿ ಇಟ್ಟಿದ್ದರಂತೆ, ಇವತ್ತು ನಮ್ಮ ಹೀರೋ ಬರ್ತಾನ ಅಂತ. ಚುರುಮುರಿ ಕಟ್ಟಿಸಿಕೊಂಡು ಹೋಗಿದ್ದರು. ಎಲ್ಲಾ ಇಂಗ್ಲಿಷ್. ಹತ್ತು ನಿಮಿಷಕ್ಕೆ ಮಕ್ಕಳು ನಿದ್ದಿ ಮಾಡಿದರು, ಅರ್ಧ ತಾಸಿಗೆ ಮನೆಯವರು ಎದ್ದು ಹೋದರು. ಕಾಕಾ ಒಬ್ಬರೇ ಕೊನೆ ತನಕ ಕೂತರು.

"ಅವನ ಮಾರಿ ಗುರ್ತು ಹತ್ತಿತು, ಕುದರಿ ಗುರ್ತು ಹತ್ತಿತು. ಮಾತು ಗುರ್ತು ಹತ್ತಲಿಲ್ಲ. ಊರು ಬಿಟ್ಟು ಹೋದ ಗೆಳ್ಯಾ ಇಪ್ಪತ್ತು ವರ್ಷದ ಮ್ಯಾಲೆ ಬಂದು, ನಮ್ಮ ಭಾಷಾ ಮರತೇನಿ ಅಂದಂಗಾತು" ಅಂದರು.

ಮುಂದೆ ಆಲಮಟ್ಟಿ ಜಲಾಶಯದ ನೀರು ಏರಿತು. 1964ರಲ್ಲಿ ಶಂಕುಸ್ಥಾಪನೆ ಆದ ಅಣೆಕಟ್ಟು, ಇಂದ್ರಜಾಲ ಹುಟ್ಟಿದ ವರ್ಷವೇ. ಮುಳುಗಡೆ ಆದವರೆಲ್ಲ ನವನಗರಕ್ಕೆ ಸಾಮಾನು ಹೊತ್ತರು. ಹೊಸ ಮನೆಯಲ್ಲಿ ಜಾಗ ಕಮ್ಮಿ. ಟ್ರಂಕ್ ತುಂಬ ಇದ್ದ ಪುಸ್ತಕ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋದವು.

"ಸಿನಿಮಾ ನೋಡಿ ಬ್ಯಾಸರಾಗಿ ಕೊಟ್ರೇನು?" ಅಂತ ಕೇಳಿದೆ.

"ಇಲ್ಲವಾ, ಜಾಗ ಇರಲಿಲ್ಲ" ಅಂದರು. ಆಮೇಲೆ, "ಸಿನಿಮಾ ಚಲೋ ಇದ್ದಿದ್ರ ಜಾಗ ಮಾಡತಿದ್ನೋ ಏನೋ" ಅಂದರು.

ಒಂದು ಕೆಟ್ಟ ಮರುಹುಟ್ಟು ಏನು ಮಾಡ್ತದೆ ಅಂತ ನನಗೆ ಆ ಮಾತಿನಲ್ಲಿ ತಿಳೀತು. ಹೊಸದೊಂದು ಸಿನಿಮಾ ಸೋತರೆ ಮೂರು ದಿನದಲ್ಲಿ ಮರೀತೀವಿ. ಹಳೆಯ ನಾಯಕನನ್ನು ಮತ್ತೆ ಎಬ್ಬಿಸಿ ಸೋಲಿಸಿದರೆ, ಟ್ರಂಕಿನಲ್ಲಿ ಇದ್ದದ್ದಕ್ಕೂ ಬೆಲೆ ಇಳೀತದೆ.

(9/9)
ಕೊನೆಯ ಫೋಟೋ ನಮ್ಮ ಇಳಕಲ್ಲಿನ ಮನೆಯ ಮಗ್ಗ.

ಇಳಕಲ್ ಸೀರೆಯ ಗುಟ್ಟು ಗೊತ್ತಿರಬೇಕಲ್ಲ? ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿದ್ದರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನು ಒಂದೊಂದಾಗಿ ಒಂದಕ್ಕೊಂದು ಸಿಕ್ಕಿಸಿ ಸೇರಿಸಬೇಕು, ಅದಕ್ಕೆ ಕೊಂಡಿ ಅಂತಾರೆ. ಕೊಂಡಿ ಗಟ್ಟಿ ಇದ್ರೆ ಬಣ್ಣ ಬೇರೆ ಆದರೂ ಸೀರೆ ಒಂದೇ. ಕೊಂಡಿ ತಪ್ಪಿದರೆ ಎಷ್ಟು ಚಂದದ ಸೆರಗು ತಂದರೂ ನಿಲ್ಲಲ್ಲ. 1996ರ ಫ್ಯಾಂಟಮ್‌ಗೆ ರೇಷ್ಮೆ ಸೆರಗು ಇತ್ತು. ಕೊಂಡಿ ಹಾಕೋರು ಇರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಅದೇ ಸಿನಿಮಾನ ನಾನು ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಓಣಿಯ ಐದಾರು ಸಣ್ಣ ಮಕ್ಕಳು ಬಂದು ಕೂತರು. ಇವರು 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಸ್ಪೈಡರ್‌ವರ್ಸ್ ಸಿನಿಮಾ ಕನ್ನಡದಲ್ಲೇ ಬಂದ ಕಾಲದವರು, ಪಾಪ, ಇಂಗ್ಲಿಷ್ ಶುರುವಾದ ಕೂಡಲೇ "ಅಕ್ಕಾ, ಕನ್ನಡ ಹಚ್ಚು" ಅಂದರು. ಕನ್ನಡ ಇಲ್ಲ ಅಂದೆ. ಏಳೋಕೆ ಹೊರಟರು.

ಕಾಕಾ, "ಸೌಂಡ್ ಕಮ್ಮಿ ಮಾಡು" ಅಂದರು.

ಮಾಡಿದೆ. ಪರದೆ ಮೇಲೆ ವಿಲನ್ ಬಾಯಿ ತೆರೆದ. ಕಾಕಾ ಮೂಗಿನಲ್ಲಿ ಹೇಳಿದರು: "ಲೇ, ಆ ಬುರುಡಿ ಈ ಕಡಿ ಕೊಡಲೇ!" ಫ್ಯಾಂಟಮ್ ತಿರುಗಿ ನೋಡಿದ. ಕಾಕಾನ ಧ್ವನಿ ದಪ್ಪ ಆಯ್ತು: "ಕೊಡಂಗಿಲ್ಲ. ಏನ್ ಮಾಡ್ಕೊಂತಿ ಮಾಡ್ಕೊ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೆ ಯಾರೂ ಏಳಲಿಲ್ಲ. ಒಂದು ಮುಕ್ಕಾಲು ತಾಸು ಕಾಕಾ ಒಬ್ಬರೇ ಎಲ್ಲರ ಮಾತೂ ಆಡಿದರು. ನ್ಯೂಯಾರ್ಕ್ ಬಂದಾಗ "ಇದು ಹುಬ್ಬಳ್ಳಿ ಅನಕೋರಿ" ಅಂದರು. ಸಿನಿಮಾದಲ್ಲಿ ಇಲ್ಲದ ಗಾದೆಗಳನ್ನೂ ನಡುನಡುವೆ ಸೇರಿಸಿದರು, ಹೈಸ್ಕೂಲಿನಲ್ಲಿ ಓದಿದ್ದು ಎಲ್ಲಾ ನೆನಪಿತ್ತು. ಕೊನೆಗೆ ಒಬ್ಬ ಹುಡುಗ, "ಅಜ್ಜಾ, ಇವನ ಪುಸ್ತಕ ಅದಾವೇನು?" ಅಂದ.

ಕಾಕಾ ಒಳಗೆ ಹೋಗಿ, ಮೊದಲನೇ ಫೋಟೋದಾಗ ಇದ್ದ ಆ ಒಂದು ಪುಸ್ತಕ ತಂದು ಕೊಟ್ಟರು. "ಹರೀಬ್ಯಾಡ. ಓದಿ ಮುಂದಿನವ್ರಿಗೆ ಕೊಡು" ಅಂದರು.

ಅದು ಈಗ ಮೂರನೇ ಮನೆಯಲ್ಲಿ ಐತಿ. ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಇಂದ್ರಜಾಲ ಕನ್ನಡ ಸಂಚಿಕೆ, ಹಳೆ ಸುಧಾ ಇದ್ದರೆ ರದ್ದಿಗೆ ಹಾಕೋ ಮೊದಲು ಒಂದು ಫೋಟೋ ತೆಗೆದು ಕಳಿಸ್ರಿ. ಸಾಧ್ಯ ಆದ್ರೆ ಮನೆಯ ಸಣ್ಣ ಮಕ್ಕಳಿಗೆ ಒಂದು ಪುಟ ಗಟ್ಟಿಯಾಗಿ ಓದಿ ಹೇಳ್ರಿ. ಧ್ವನಿ ಬದಲಿಸೋದು ಮರೀಬ್ಯಾಡ್ರಿ.

#ಫ್ಯಾಂಟಮ್ #ಇಂದ್ರಜಾಲಕಾಮಿಕ್ಸ್ #ಹಳೇಬಾಗಲಕೋಟೆ #ಬಾದಾಮಿ #ಇಳಕಲ್ #ಹುನಗುಂದ #ನಮ್ಮೂರಇತಿಹಾಸ